ಮಗುವಿಗೆ ಆ್ಯಂಟಿಬಯೋಟಿಕ್ ಅಲರ್ಜಿ ಇದೆಯೇ? ರಕ್ತ ಪರೀಕ್ಷೆ, ಚರ್ಮ ಪರೀಕ್ಷೆ, ಔಷಧ ಕೊಟ್ಟು ನೋಡುವ ಪರೀಕ್ಷೆ – ಆಯ್ಕೆ ಹೇಗೆ?

ಕಿವಿನೋವಿಗೋ ಗಂಟಲುನೋವಿಗೋ ಪೆನಿಸಿಲಿನ್ ಗುಂಪಿನ ಅಮಾಕ್ಸಿಸಿಲಿನ್ ಸಿರಪ್ ಆರಂಭಿಸಿದ ನಾಲ್ಕೈದನೆಯ ದಿನ ಮಗುವಿನ ಮೈಮೇಲೆ ಕೆಂಪು ದದ್ದು ಏಳುತ್ತದೆ. ಔಷಧವನ್ನು ನಿಲ್ಲಿಸಲಾಗುತ್ತದೆ, ಚೀಟಿಯ ಮೇಲೆ ‘ಪೆನಿಸಿಲಿನ್ ಅಲರ್ಜಿ’ ಎಂದು ಬರೆಯಲಾಗುತ್ತದೆ, ದದ್ದು ಒಂದು ವಾರದಲ್ಲಿ ಮಾಯವಾದರೂ ಆ ಹಣೆಪಟ್ಟಿ ಮಾತ್ರ ಉಳಿದುಬಿಡುತ್ತದೆ. ಮುಂದಿನ ಸಲ ಸೋಂಕು ಬಂದಾಗ ಪೋಷಕರ ಮುಂದೆ ಹಲವು ದಾರಿಗಳು ತೆರೆದುಕೊಳ್ಳುತ್ತವೆ: ರಕ್ತ ಕೊಟ್ಟು ಪರೀಕ್ಷಿಸಿಕೊಳ್ಳುವುದೇ, ಚರ್ಮದ ಮೇಲೆ ಚುಚ್ಚಿ ನೋಡಿಸುವುದೇ, ಆಸ್ಪತ್ರೆಯಲ್ಲಿ ಅದೇ ಔಷಧವನ್ನು ಮತ್ತೆ ಕೊಟ್ಟು ನೋಡಲು ಒಪ್ಪುವುದೇ, ಅಥವಾ ಇದ್ಯಾವುದರ ಗೊಡವೆಯೂ ಬೇಡವೆಂದು ಆ ಔಷಧವನ್ನೇ ಜೀವನಪೂರ್ತಿ ದೂರವಿಡುವುದೇ?

ಈ ಆಯ್ಕೆಗಳನ್ನು ತೂಗುವ ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪೆನಿಸಿಲಿನ್ ಅಲರ್ಜಿ ಇದೆ ಎಂದು ದಾಖಲಾದ ಮಕ್ಕಳನ್ನು ಸರಿಯಾಗಿ ಪರೀಕ್ಷಿಸಿದಾಗ ಅವರಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಮಕ್ಕಳು ಆ ಔಷಧವನ್ನು ಯಾವ ತೊಂದರೆಯೂ ಇಲ್ಲದೆ ತೆಗೆದುಕೊಳ್ಳಬಲ್ಲರು ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಕಾರಣ ಸರಳವಾಗಿದೆ: ಚಿಕ್ಕ ಮಕ್ಕಳಲ್ಲಿ ಆ್ಯಂಟಿಬಯೋಟಿಕ್ ನಡೆಯುತ್ತಿರುವಾಗ ಏಳುವ ದದ್ದುಗಳಲ್ಲಿ ಬಹುಪಾಲು ವೈರಸ್ ಸೋಂಕಿನಿಂದ ಬಂದವು, ಔಷಧದಿಂದಲ್ಲ. ಎಪ್‌ಸ್ಟೀನ್-ಬಾರ್ ವೈರಸ್ ಸೋಂಕು ಇರುವಾಗ ಅಮಾಕ್ಸಿಸಿಲಿನ್ ಅಥವಾ ಆ್ಯಂಪಿಸಿಲಿನ್ ಕೊಟ್ಟರೆ ಮೈತುಂಬ ದದ್ದು ಬರುವುದು ಇದರ ಪ್ರಸಿದ್ಧ ಉದಾಹರಣೆ. ಅದೇ ಮಗುವಿಗೆ ಸೋಂಕು ವಾಸಿಯಾದ ಮೇಲೆ ಅದೇ ಔಷಧ ಸಾಮಾನ್ಯವಾಗಿ ಒಗ್ಗುತ್ತದೆ. ಆದ್ದರಿಂದ ಪರೀಕ್ಷೆಯ ಉದ್ದೇಶ ಬಹಳಷ್ಟು ಸಲ ಅಲರ್ಜಿ ಇದೆ ಎಂದು ಸಾಬೀತುಪಡಿಸುವುದಲ್ಲ, ಇಲ್ಲ ಎಂದು ಖಚಿತಪಡಿಸಿ ಆ ಹಣೆಪಟ್ಟಿಯನ್ನು ತೆಗೆಯುವುದು.

ಯಾವ ಅಳತೆಗೋಲಿನಿಂದ ಅಳೆಯಬೇಕು?

ಮೊದಲನೆಯ ಮತ್ತು ಎಲ್ಲಕ್ಕಿಂತ ಮುಖ್ಯವಾದ ಅಳತೆಗೋಲು, ಹಿಂದೆ ಆದ ಪ್ರತಿಕ್ರಿಯೆ ಎಂಥದ್ದು ಎಂಬುದು. ಎರಡನೆಯದು, ಪರೀಕ್ಷೆಯ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು: ಅಲರ್ಜಿ ಇರುವ ಮಗುವನ್ನು ಅದು ತಪ್ಪಿಸಿಬಿಡುತ್ತದೆಯೇ, ಇಲ್ಲದ ಮಗುವಿನ ಮೇಲೆ ಇದೆ ಎಂದು ಹೊರಿಸುತ್ತದೆಯೇ? ಮೂರನೆಯದು, ಪರೀಕ್ಷೆಯಿಂದಲೇ ಮಗುವಿಗೆ ಆಗಬಹುದಾದ ಅಪಾಯ ಮತ್ತು ನೋವು. ಎರಡು ವರ್ಷದ ಮಗು ಮೇಲಿಂದ ಮೇಲೆ ಸೂಜಿ ಚುಚ್ಚಿಸಿಕೊಳ್ಳುವುದು ಕಾಗದದ ಮೇಲೆ ಬರೆದಷ್ಟು ಸುಲಭವಲ್ಲ. ನಾಲ್ಕನೆಯದು ಖರ್ಚು, ಸಮಯ ಮತ್ತು ತಜ್ಞರ ಲಭ್ಯತೆ. ಕೊನೆಯದಾಗಿ, ಆ ಔಷಧ ಮಗುವಿಗೆ ಮುಂದೆ ಎಷ್ಟು ಬೇಕಾಗಬಹುದು ಎಂಬುದನ್ನೂ ನೋಡಬೇಕು. ಪದೇ ಪದೇ ಕಿವಿ ಸೋಂಕು ಬರುವ ಮಗು, ಸಂಧಿವಾತ ಜ್ವರದ ನಂತರ ವರ್ಷಗಟ್ಟಲೆ ಪೆನಿಸಿಲಿನ್ ಪಡೆಯಬೇಕಾದ ಮಗು, ಗುಲ್ಮ ಕೆಲಸ ಮಾಡದ ಮಗು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು, ಶಸ್ತ್ರಚಿಕಿತ್ಸೆಗೆ ಕಾದಿರುವ ಮಗು – ಇವರಿಗೆ ಉತ್ತರ ಬೇಗ ಬೇಕು. ವರ್ಷಕ್ಕೊಮ್ಮೆಯೂ ಆ್ಯಂಟಿಬಯೋಟಿಕ್ ಬೇಕಾಗದ ಆರೋಗ್ಯವಂತ ಮಗುವಿಗೆ ಅಷ್ಟು ಅವಸರವಿಲ್ಲ; ಆದರೆ ಆ ಮಗುವಿನ ಪರೀಕ್ಷೆಯನ್ನೂ ಸೋಂಕು ಬಂದ ದಿನದವರೆಗೆ ಮುಂದೂಡದೆ, ಮಗು ಗೆಲುವಾಗಿರುವ ಕಾಲದಲ್ಲಿ ಮುಗಿಸಿಕೊಳ್ಳುವುದೇ ಲೇಸು.

ಖರ್ಚಿಲ್ಲದ ಮೊದಲ ಹೆಜ್ಜೆ: ಆದದ್ದನ್ನು ಸರಿಯಾಗಿ ಹೇಳುವುದು

ಯಾವ ಪರೀಕ್ಷೆ ಎಂಬ ಪ್ರಶ್ನೆಗೆ ಅರ್ಧಕ್ಕಿಂತ ಹೆಚ್ಚು ಉತ್ತರ ಸಿಗುವುದು ಪೋಷಕರ ನೆನಪಿನಲ್ಲಿ. ಔಷಧದ ಹೆಸರೇನು, ಎಷ್ಟನೆಯ ಡೋಸ್ ಆದ ಮೇಲೆ, ಕೊನೆಯ ಡೋಸ್ ಆಗಿ ಎಷ್ಟು ಹೊತ್ತಿಗೆ ಲಕ್ಷಣ ಶುರುವಾಯಿತು, ದದ್ದು ಹೇಗಿತ್ತು, ಒಂದು ಜಾಗದಲ್ಲಿ ಎಷ್ಟು ಹೊತ್ತು ನಿಂತಿತ್ತು, ಜ್ವರ ಇತ್ತೇ, ಉಸಿರಾಟ ಹೇಗಿತ್ತು, ವಾಂತಿ ಆಯಿತೇ, ಯಾವ ಚಿಕಿತ್ಸೆ ಕೊಟ್ಟರು, ಅದಾದ ಮೇಲೆ ಅದೇ ಗುಂಪಿನ ಔಷಧವನ್ನು ಗೊತ್ತಿಲ್ಲದೆ ತೆಗೆದುಕೊಂಡದ್ದುಂಟೇ – ಇವೆಲ್ಲ ಬೇಕು. ದದ್ದಿನ ಫೋಟೋ ಇದ್ದರೆ ಅದು ಎಷ್ಟೋ ವರ್ಣನೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈ ವಿವರಗಳಿಂದ ವೈದ್ಯರು ಮಗುವನ್ನು ಒಂದು ಅಪಾಯದ ಮಟ್ಟಕ್ಕೆ ಸೇರಿಸುತ್ತಾರೆ. ಔಷಧ ಆರಂಭಿಸಿ ಕೆಲವು ದಿನಗಳ ನಂತರ ಎದ್ದ, ಜಾಗ ಬದಲಿಸದ, ಸಣ್ಣ ಕೆಂಪು ಚುಕ್ಕೆಗಳ ದದ್ದು ಮಾತ್ರ ಇದ್ದು, ಬೇರೆ ಯಾವ ಅಂಗಕ್ಕೂ ತೊಂದರೆ ಆಗದಿದ್ದರೆ ಅದು ಕಡಿಮೆ ಅಪಾಯದ ಮಟ್ಟ. ಡೋಸ್ ಕೊಟ್ಟ ಒಂದು ಗಂಟೆಯೊಳಗೆ ತುರಿಕೆಯ ಗಂಧೆ, ತುಟಿ ಅಥವಾ ಕಣ್ಣುರೆಪ್ಪೆಯ ಊತ, ಉಬ್ಬಸ, ಮೇಲಿಂದ ಮೇಲೆ ವಾಂತಿ, ಮಂಪರು ಕಾಣಿಸಿಕೊಂಡಿದ್ದರೆ ಅದು ಐಜಿಇ ಎಂಬ ಪ್ರತಿಕಾಯದಿಂದ ಆಗುವ ತಕ್ಷಣದ ಅಲರ್ಜಿ ಇರಬಹುದು. ಚರ್ಮದಲ್ಲಿ ಬೊಬ್ಬೆ ಎದ್ದು ಸುಲಿಯುವುದು, ಬಾಯಿ, ಕಣ್ಣು ಅಥವಾ ಜನನಾಂಗದಲ್ಲಿ ಹುಣ್ಣಾಗುವುದು, ಮುಖ ಊದಿ ಜ್ವರ ಮತ್ತು ಯಕೃತ್ತಿನ ತೊಂದರೆ ಜೊತೆಗೂಡುವುದು, ರಕ್ತಕಣಗಳು ಕುಸಿಯುವುದು – ಇವು ಸಂಪೂರ್ಣ ಬೇರೆ ಮಟ್ಟ. ಇವುಗಳ ಮಾತು ಮುಂದೆ ಬರುತ್ತದೆ.

ಕೆಲವು ಮಕ್ಕಳ ಹಣೆಪಟ್ಟಿಯನ್ನು ಪರೀಕ್ಷೆಯೇ ಇಲ್ಲದೆ ಈ ಮಾತುಕತೆಯಲ್ಲಿಯೇ ತೆಗೆಯಬಹುದು. ಔಷಧದಿಂದ ಹೊಟ್ಟೆ ಕೆಟ್ಟು ಭೇದಿಯಾದದ್ದು ಅಡ್ಡಪರಿಣಾಮ, ಅಲರ್ಜಿಯಲ್ಲ. ಅಪ್ಪನಿಗೋ ಅಜ್ಜಿಗೋ ಪೆನಿಸಿಲಿನ್ ಅಲರ್ಜಿ ಇದೆ ಎಂಬುದೊಂದೇ ಮಗುವಿಗೆ ಅದನ್ನು ನಿರಾಕರಿಸಲು ಕಾರಣವಾಗುವುದಿಲ್ಲ. ಹಿಂದೆ ದದ್ದು ಬಂದಿದ್ದರೂ ಆಮೇಲೆ ಅದೇ ಔಷಧದ ಪೂರ್ತಿ ಕೋರ್ಸ್ ತೊಂದರೆಯಿಲ್ಲದೆ ಮುಗಿದಿದ್ದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಅಂದಹಾಗೆ, ಪೆನಿಸಿಲಿನ್ ಅಲರ್ಜಿಯ ಅಪಾಯವನ್ನು ಅಂಕ ಹಾಕಿ ಅಳೆಯುವ ‘ಪೆನ್-ಫಾಸ್ಟ್’ ಎಂಬ ಸಾಧನವನ್ನು ರೂಪಿಸಿದ್ದು ವಯಸ್ಕರ ಮಾಹಿತಿಯ ಮೇಲೆ. ಅದರ ಅಂಕವನ್ನೇ ನಂಬಿ ಮಕ್ಕಳ ವಿಷಯದಲ್ಲಿ ತೀರ್ಮಾನಿಸುವುದು ಸರಿಯಲ್ಲ.

ಪರೀಕ್ಷೆ ಮಾಡಿಸದೆ ದೂರವಿಡುವುದು

ಸುರಕ್ಷಿತವೆಂದು ಕಾಣುವ ಈ ದಾರಿಗೂ ಬೆಲೆ ಇದೆ, ಅದು ತಡವಾಗಿ ಕೈಗೆ ಬರುತ್ತದೆ ಅಷ್ಟೆ. ಮಕ್ಕಳ ಸಾಮಾನ್ಯ ಸೋಂಕುಗಳಲ್ಲಿ ಹೆಚ್ಚಿನವಕ್ಕೆ ಪೆನಿಸಿಲಿನ್ ಗುಂಪಿನ ಔಷಧವೇ ಮೊದಲ ಆಯ್ಕೆ. ಅದನ್ನು ಬಿಟ್ಟರೆ ಇನ್ನೂ ವಿಶಾಲವಾಗಿ ಬ್ಯಾಕ್ಟೀರಿಯಾಗಳ ಮೇಲೆ ಎರಗುವ, ಕೆಲವೊಮ್ಮೆ ಆ ಸೋಂಕಿಗೆ ಅಷ್ಟು ಪರಿಣಾಮಕಾರಿಯಲ್ಲದ, ಹೆಚ್ಚು ಅಡ್ಡಪರಿಣಾಮದ ಔಷಧಗಳ ಮೊರೆ ಹೋಗಬೇಕಾಗುತ್ತದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಮತ್ತು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕರುಳಿನ ಸೋಂಕು ಪೆನಿಸಿಲಿನ್ ಅಲರ್ಜಿಯ ಹಣೆಪಟ್ಟಿ ಹೊತ್ತವರಲ್ಲಿ ಹೆಚ್ಚಾಗಿ ಕಂಡುಬಂದಿವೆ. ತಜ್ಞರ ಭೇಟಿ ಸಿಗುವವರೆಗೆ ಕೆಲವು ತಿಂಗಳು ದೂರವಿಡುವುದು ವಿವೇಕದ ಮಾತೇ. ಆದರೆ ಸಣ್ಣ ದದ್ದಿನ ಕಾರಣಕ್ಕೆ ಜೀವನಪೂರ್ತಿ ದೂರವಿಡುವುದನ್ನು ನಾನು ಸುರಕ್ಷಿತ ಆಯ್ಕೆ ಎಂದು ಕರೆಯಲಾರೆ.

ರಕ್ತ ಪರೀಕ್ಷೆ

ಪೋಷಕರು ಮೊದಲು ಕೇಳುವುದು ಇದನ್ನೇ. ಒಂದು ಸಲ ರಕ್ತ ತೆಗೆದರೆ ಮುಗಿಯಿತು, ಔಷಧವನ್ನು ಮಗುವಿನ ಮೈಗೆ ಸೋಕಿಸಬೇಕಿಲ್ಲ, ಅಲರ್ಜಿ ನಿರೋಧಕ ಮಾತ್ರೆಗಳನ್ನು ನಿಲ್ಲಿಸಬೇಕಿಲ್ಲ, ಲ್ಯಾಬ್ ವರದಿಯಲ್ಲಿ ಒಂದು ಸಂಖ್ಯೆ ಬರುತ್ತದೆ. ಅಪಾಯ ಮತ್ತು ನೋವಿನ ಅಳತೆಯಲ್ಲಿ ಇದಕ್ಕೆ ಸಾಟಿಯಿಲ್ಲ, ಆದರೆ ನಂಬಿಕೆಯ ಅಳತೆಯಲ್ಲಿ ಮಾತ್ರ ಇದು ಎಲ್ಲಕ್ಕಿಂತ ಹಿಂದೆ ಬೀಳುತ್ತದೆ. ನಿರ್ದಿಷ್ಟ ಐಜಿಇ ಪರೀಕ್ಷೆ ಸಿಗುವುದು ಪೆನಿಸಿಲಿನ್, ಅಮಾಕ್ಸಿಸಿಲಿನ್, ಆ್ಯಂಪಿಸಿಲಿನ್, ಸೆಫಾಕ್ಲೋರ್ ಮುಂತಾದ ಕೆಲವೇ ಔಷಧಗಳಿಗೆ. ಅವುಗಳಲ್ಲಿಯೂ ನಿಜವಾದ ಅಲರ್ಜಿ ಇರುವ ಮಕ್ಕಳನ್ನು ಅದು ಬಹಳಷ್ಟು ಸಲ ಹಿಡಿಯುವುದಿಲ್ಲ. ದಿನಗಳ ನಂತರ ಎದ್ದ ದದ್ದಿಗೆ ಐಜಿಇ ಕಾರಣವೇ ಅಲ್ಲದಿರುವುದರಿಂದ ಅಲ್ಲಿ ಈ ಪರೀಕ್ಷೆಗೆ ಅರ್ಥವೇ ಇಲ್ಲ. ‘ಒಟ್ಟು ಐಜಿಇ’ ಎಂಬ ಪರೀಕ್ಷೆಯಂತೂ ಔಷಧದ ಅಲರ್ಜಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಹತ್ತಾರು ಔಷಧಗಳ ಹೆಸರು ಸೇರಿಸಿ ಒಟ್ಟಿಗೆ ಮಾಡುವ ಅಲರ್ಜಿ ಪ್ಯಾನೆಲ್‌ಗಳಿಗೆ ಹಣ ಸುರಿಯುವ ಮೊದಲು ಇದನ್ನು ತಿಳಿದಿರಬೇಕು.

ಹಾಗಾದರೆ ಇದರಿಂದ ಪ್ರಯೋಜನ ಯಾರಿಗೆ? ಜೀವಕ್ಕೇ ಕುತ್ತು ತಂದ ಅನಾಫಿಲಾಕ್ಸಿಸ್ (ಇಡೀ ಮೈಯನ್ನು ಒಮ್ಮೆಲೇ ಬಾಧಿಸುವ ತೀವ್ರ ಅಲರ್ಜಿ) ಆಗಿ, ಚರ್ಮ ಪರೀಕ್ಷೆ ಮಾಡಲೂ ವೈದ್ಯರು ಹಿಂಜರಿಯುವ ಮಗುವಿಗೆ. ಮೈತುಂಬ ಇಸಬು ಇದ್ದು ಚರ್ಮದ ಮೇಲೆ ಪರೀಕ್ಷಿಸಲು ಜಾಗವೇ ಇಲ್ಲದ ಮಗುವಿಗೆ. ಅಲರ್ಜಿ ನಿರೋಧಕ ಔಷಧವನ್ನು ನಿಲ್ಲಿಸಲಾಗದ ಮಗುವಿಗೆ. ಇಂಥ ಕಡೆ ಫಲಿತಾಂಶ ಪಾಸಿಟಿವ್ ಬಂದರೆ ಮುಂದಿನ ಅಪಾಯಕಾರಿ ಹೆಜ್ಜೆ ತಪ್ಪುತ್ತದೆ. ನೆಗೆಟಿವ್ ಬಂದರೆ ಅಲರ್ಜಿ ಇಲ್ಲವೆಂದು ಹೇಳಲಾಗದು, ಮುಂದಿನ ಪರೀಕ್ಷೆ ಬೇಕೇ ಬೇಕು.

ಇನ್ನೊಂದು ರಕ್ತ ಪರೀಕ್ಷೆ ಇದೆ, ಅದರ ಸಮಯವೇ ಬೇರೆ. ಪ್ರತಿಕ್ರಿಯೆ ನಡೆಯುತ್ತಿರುವಾಗ, ಲಕ್ಷಣ ಶುರುವಾದ ಒಂದೆರಡು ಗಂಟೆಗಳಲ್ಲಿ ರಕ್ತ ತೆಗೆದು ಟ್ರಿಪ್ಟೇಸ್ ಎಂಬ ಅಂಶವನ್ನು ಅಳೆದು, ಮಗು ಪೂರ್ತಿ ಚೇತರಿಸಿಕೊಂಡ ಮೇಲೆ ಇನ್ನೊಮ್ಮೆ ಅಳೆದು ಹೋಲಿಸಿದರೆ, ಅಂದು ಆದದ್ದು ಅನಾಫಿಲಾಕ್ಸಿಸ್ ಹೌದೇ ಎಂಬುದಕ್ಕೆ ಆಧಾರ ಸಿಗುತ್ತದೆ. ತಿಂಗಳುಗಳ ನಂತರ ಇದನ್ನು ಮಾಡಿಸಿ ಪ್ರಯೋಜನವಿಲ್ಲ.

ಚರ್ಮ ಪರೀಕ್ಷೆ

ಮೊದಲು ಮುಂಗೈ ಮೇಲೆ ಔಷಧದ ಹನಿ ಇಟ್ಟು ಮೆಲ್ಲನೆ ಚುಚ್ಚುತ್ತಾರೆ. 15ರಿಂದ 20 ನಿಮಿಷಗಳ ನಂತರ, ಬರೀ ಲವಣದ ನೀರು ಹಾಕಿದ ಜಾಗಕ್ಕಿಂತ ಕನಿಷ್ಠ 3 ಮಿಲಿಮೀಟರ್ ದೊಡ್ಡ ಉಬ್ಬು ಎದ್ದಿದ್ದರೆ ಅದನ್ನು ಪಾಸಿಟಿವ್ ಎನ್ನುತ್ತಾರೆ. ಏನೂ ಏಳದಿದ್ದರೆ ಚರ್ಮದ ಪದರದೊಳಕ್ಕೆ ಸಣ್ಣ ಸೂಜಿಯಿಂದ ಔಷಧ ಸೇರಿಸಿ ಮತ್ತೆ ನೋಡುತ್ತಾರೆ. ಈ ಎರಡನೆಯ ಹಂತ ನೋಯುತ್ತದೆ, ಚಿಕ್ಕ ಮಕ್ಕಳನ್ನು ಹಿಡಿದುಕೊಳ್ಳಬೇಕಾಗುತ್ತದೆ. ಪರೀಕ್ಷೆಗೆ ಕೆಲವು ದಿನ ಮೊದಲೇ, ಸಾಮಾನ್ಯವಾಗಿ ಒಂದು ವಾರದ ಹೊತ್ತಿಗೆ, ಅಲರ್ಜಿ ನಿರೋಧಕ ಔಷಧಗಳನ್ನು ನಿಲ್ಲಿಸಿರಬೇಕು. ಪ್ರತಿಕ್ರಿಯೆ ಆದ ನಾಲ್ಕರಿಂದ ಆರು ವಾರಗಳೊಳಗೆ ಮಾಡಿದರೆ ಫಲಿತಾಂಶ ತಪ್ಪಾಗಿ ನೆಗೆಟಿವ್ ಬರಬಹುದು. ವರ್ಷಗಳಷ್ಟು ತಡವಾದರೂ ಸೂಕ್ಷ್ಮತೆ ತಾನೇ ಇಳಿದಿರುತ್ತದೆ. ಪೆನಿಸಿಲಿನ್‌ಗೆ ತಕ್ಷಣದ ಅಲರ್ಜಿ ನಿಜವಾಗಿಯೂ ಇದ್ದವರಲ್ಲಿ ಸುಮಾರು ಶೇಕಡಾ 80ರಷ್ಟು ಜನ ಹತ್ತು ವರ್ಷಗಳಲ್ಲಿ ಅದನ್ನು ಕಳೆದುಕೊಳ್ಳುತ್ತಾರೆ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ.

ಚರ್ಮ ಪರೀಕ್ಷೆಯ ಸ್ಥಾನ ಸ್ಪಷ್ಟವಾಗಿರುವುದು ತಕ್ಷಣದ, ತೀವ್ರವಾದ ಪ್ರತಿಕ್ರಿಯೆ ಆಗಿರುವ ಮಕ್ಕಳಲ್ಲಿ. ಅನಾಫಿಲಾಕ್ಸಿಸ್ ಆಗಿದ್ದ ಮಗುವಿಗೆ ನೇರವಾಗಿ ಔಷಧ ಕುಡಿಸುವ ಮೊದಲು ಚರ್ಮದ ಮೇಲೆ ನೋಡಿಕೊಳ್ಳುವುದು ಅಗತ್ಯವಾದ ಎಚ್ಚರ. ಆದರೆ ಸಣ್ಣ ದದ್ದು ಬಂದ ಮಕ್ಕಳಲ್ಲಿ ಅದು ಸೇರಿಸುವುದು ನೋವು ಮತ್ತು ಖರ್ಚನ್ನೇ ಹೊರತು ಖಚಿತತೆಯನ್ನಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಅಮಾಕ್ಸಿಸಿಲಿನ್ ಅಲರ್ಜಿಯ ಶಂಕೆಯಿದ್ದ 818 ಮಕ್ಕಳಿಗೆ ಚರ್ಮ ಪರೀಕ್ಷೆ ಮಾಡದೆ ನೇರವಾಗಿ ಔಷಧ ಕೊಟ್ಟು ನೋಡಿದಾಗ 770 ಮಕ್ಕಳಿಗೆ ಏನೂ ಆಗಲಿಲ್ಲ. 17 ಮಕ್ಕಳಲ್ಲಿ ತಕ್ಷಣದ, 31 ಮಕ್ಕಳಲ್ಲಿ ತಡವಾದ ಪ್ರತಿಕ್ರಿಯೆ ಕಂಡಿತು, ಅವೂ ಸೌಮ್ಯವಾಗಿದ್ದವು. ತಕ್ಷಣ ಪ್ರತಿಕ್ರಿಯೆ ತೋರಿದ ಆ 17 ಮಕ್ಕಳಿಗೆ ಆಮೇಲೆ ಚರ್ಮ ಪರೀಕ್ಷೆ ಮಾಡಿದಾಗ ಪಾಸಿಟಿವ್ ಬಂದದ್ದು ಒಂದೇ ಮಗುವಿಗೆ.

ಚುಚ್ಚುಮದ್ದು ಕೊಡುವ ಮೊದಲು ಎಲ್ಲ ಮಕ್ಕಳಿಗೂ ಮಾಡುವ ‘ಟೆಸ್ಟ್ ಡೋಸ್’ ಅನ್ನು ಈ ಪರೀಕ್ಷೆಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಹಿಂದೆ ಯಾವ ಪ್ರತಿಕ್ರಿಯೆಯೂ ಆಗದ ಮಗುವಿಗೆ, ಔಷಧವನ್ನು ಅಂದಾಜಿನಲ್ಲಿ ತೆಳುಮಾಡಿ, ಹೋಲಿಕೆಗೆ ಬೇರೆ ಚುಚ್ಚುಗಳಿಲ್ಲದೆ ಮಾಡುವ ಅದು ಅಲರ್ಜಿಯ ರೋಗನಿರ್ಣಯವಲ್ಲ. ಔಷಧದ ಸಾಂದ್ರತೆಯಿಂದ ಚರ್ಮ ಕೆರಳಿ ಕೆಂಪಾದರೂ ಅಲರ್ಜಿ ಎಂದು ಬರೆದುಬಿಡುವುದು, ಏನೂ ಕಾಣದಿದ್ದರೆ ಅಪಾಯವೇ ಇಲ್ಲವೆಂದು ಭಾವಿಸುವುದು – ಎರಡೂ ತಪ್ಪೇ.

ಔಷಧ ಕೊಟ್ಟು ನೋಡುವ ಪರೀಕ್ಷೆ

‘ಓರಲ್ ಚಾಲೆಂಜ್’ ಎಂದು ವೈದ್ಯರು ಕರೆಯುವ ಈ ಪರೀಕ್ಷೆಯ ಹೆಸರು ಕೇಳಿದರೆ ಪೋಷಕರ ಎದೆ ಝಲ್ಲೆನ್ನುವುದು ಸಹಜ. ಯಾವುದನ್ನು ಇಷ್ಟು ದಿನ ದೂರವಿಟ್ಟೆವೋ ಅದನ್ನೇ ಮಗುವಿನ ಬಾಯಿಗೆ ಹಾಕಬೇಕು. ಆದರೂ ಉತ್ತರದ ಖಚಿತತೆಯಲ್ಲಿ ಉಳಿದೆಲ್ಲ ಪರೀಕ್ಷೆಗಳನ್ನು ಅಳೆಯುವುದೇ ಇದರ ಎದುರು ಇಟ್ಟು. ಮಗುವಿನ ತೂಕಕ್ಕೆ ತಕ್ಕ ಪೂರ್ತಿ ಡೋಸ್‌ನ ಹತ್ತನೇ ಒಂದು ಭಾಗವನ್ನು ಮೊದಲು ಕೊಟ್ಟು, ಇಪ್ಪತ್ತು ಮೂವತ್ತು ನಿಮಿಷ ನೋಡಿ, ಉಳಿದದ್ದನ್ನು ಕೊಟ್ಟು, ಕನಿಷ್ಠ ಒಂದು ಗಂಟೆ ಕಣ್ಗಾವಲಿನಲ್ಲಿ ಇಡುತ್ತಾರೆ. ಅಪಾಯ ತೀರ ಕಡಿಮೆ ಎನಿಸಿದ ಮಕ್ಕಳಿಗೆ ಒಂದೇ ಸಲ ಪೂರ್ತಿ ಡೋಸ್ ಕೊಡುವುದೂ ಉಂಟು. ಸೂಜಿ ಬೇಡ, ವಿಶೇಷ ಸಾಮಗ್ರಿ ಬೇಡ, ಬೇಕಾದದ್ದು ಕೆಲವು ಮಿಲಿಲೀಟರ್ ಸಿರಪ್ ಮತ್ತು ಅರ್ಧ ದಿನ. ಖರ್ಚಿನ ಭಾರ ಇರುವುದು ಔಷಧದಲ್ಲಲ್ಲ, ನಿಗಾ ಇಡುವ ಸಿಬ್ಬಂದಿಯಲ್ಲಿ.

ಆ ನಿಗಾ ಮಾತ್ರ ಬಿಟ್ಟುಕೊಡಲಾಗದ ಷರತ್ತು. ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಕೈಗೆ ಸಿಗುವಂತೆ ಇರಬೇಕು, ಮಗುವಿನ ತೂಕಕ್ಕೆ ಅದರ ಪ್ರಮಾಣವನ್ನು ಮೊದಲೇ ಲೆಕ್ಕ ಹಾಕಿಟ್ಟಿರಬೇಕು, ಅದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡಲು ತಿಳಿದವರು ಪಕ್ಕದಲ್ಲಿರಬೇಕು. ಮಗುವಿಗೆ ಅಂದು ಜ್ವರ, ನೆಗಡಿ ಇರಬಾರದು, ಅಸ್ತಮಾ ಇದ್ದರೆ ಹತೋಟಿಯಲ್ಲಿರಬೇಕು. ಮನೆಯಲ್ಲಿ ಉಳಿದಿದ್ದ ಸಿರಪ್ ಅನ್ನು ಸ್ವಲ್ಪ ನೆಕ್ಕಿಸಿ ನೋಡುವುದನ್ನು ಯಾರೂ, ಯಾವ ಧೈರ್ಯದ ಮೇಲೂ ಮಾಡಬಾರದು.

ಅಮೆರಿಕದ ಅಲರ್ಜಿ ತಜ್ಞರ ಸಂಘಟನೆಗಳು 2022ರಲ್ಲಿ ಹೊರತಂದ ಮಾರ್ಗಸೂಚಿ, ಅಮಾಕ್ಸಿಸಿಲಿನ್‌ನಿಂದ ಬರೀ ದದ್ದು ಅಥವಾ ಗಂಧೆಯಂಥ ಸೌಮ್ಯ ಪ್ರತಿಕ್ರಿಯೆ ಆದ ಮಕ್ಕಳಿಗೆ ಚರ್ಮ ಪರೀಕ್ಷೆ ಬಿಟ್ಟು ನೇರವಾಗಿ ಈ ಪರೀಕ್ಷೆಯನ್ನೇ ಮಾಡುವಂತೆ ಸಲಹೆ ನೀಡಿದೆ. ನನ್ನ ತೂಕವೂ ಅತ್ತಲೇ ವಾಲುತ್ತದೆ.

ಒಂದೇ ದಿನದ ಪರೀಕ್ಷೆ ಸಾಕೇ, ಮನೆಯಲ್ಲಿ ಇನ್ನೂ ಕೆಲವು ದಿನ ಔಷಧ ಮುಂದುವರಿಸಬೇಕೇ ಎಂಬುದರಲ್ಲಿ ವೈದ್ಯರಿಗೆ ಒಮ್ಮತವಿಲ್ಲ. ಮುಂದುವರಿಸಿದರೆ ತಡವಾಗಿ ಬರುವ ದದ್ದೂ ಪತ್ತೆಯಾಗುತ್ತದೆ, ಪೋಷಕರ ಅಳುಕು ಕಳೆಯುತ್ತದೆ. ಆದರೆ ಸೋಂಕಿಲ್ಲದ ಮಗು ಅಷ್ಟು ದಿನ ಆ್ಯಂಟಿಬಯೋಟಿಕ್ ಕುಡಿಯಬೇಕು, ನಡುವೆ ಏನೋ ವೈರಸ್ ದದ್ದು ಎದ್ದರೆ ಮತ್ತೆ ಗೊಂದಲ. ಹಿಂದಿನ ದದ್ದು ಮೊದಲ ದಿನಗಳಲ್ಲೇ ಬಂದಿದ್ದ ಮಗುವಿಗೆ ಒಂದು ದಿನ ಸಾಕೆನಿಸುತ್ತದೆ. ಕೋರ್ಸ್ ಮುಗಿಯುವ ಹೊತ್ತಿಗೆ ಬಂದಿದ್ದರೆ, ಅಥವಾ ಮುಂದೆ ದೀರ್ಘಕಾಲ ಆ ಔಷಧ ಬೇಕಿದ್ದರೆ, ಹೆಚ್ಚಿನ ದಿನಗಳ ಬಗ್ಗೆ ವೈದ್ಯರೊಂದಿಗೆ ಮಾತನಾಡುವುದು ಒಳ್ಳೆಯದು.

ಯಾವ ಮಗುವಿಗೆ ಯಾವ ದಾರಿ?

ದಿನಗಳ ನಂತರ ಬಂದ ಸಾದಾ ದದ್ದು, ಅಥವಾ ನಿಜವಾಗಿ ಏನಾಯಿತೆಂದು ಯಾರಿಗೂ ನೆನಪಿಲ್ಲದಷ್ಟು ಹಳೆಯ, ಆಸ್ಪತ್ರೆಗೆ ದಾಖಲಾಗದ ಘಟನೆ ಆಗಿದ್ದರೆ, ನೇರವಾಗಿ ಔಷಧ ಕೊಟ್ಟು ನೋಡುವ ಪರೀಕ್ಷೆಯೇ ಕಡಿಮೆ ಖರ್ಚಿನ, ಹೆಚ್ಚು ಖಚಿತವಾದ ದಾರಿ. ಹಣ ಕಡಿಮೆ ಇರುವವರು ರಕ್ತ ಪರೀಕ್ಷೆಯಿಂದ ಆರಂಭಿಸೋಣ ಎಂದುಕೊಂಡರೆ ಎರಡು ಸಲ ಖರ್ಚು ಮಾಡಿದಂತಾಗುತ್ತದೆ, ಏಕೆಂದರೆ ಅದರ ಉತ್ತರ ಏನೇ ಬಂದರೂ ಕೊನೆಗೆ ಬರಬೇಕಾದದ್ದು ಇಲ್ಲಿಗೇ.

ಡೋಸ್ ಕೊಟ್ಟ ಒಂದು ಗಂಟೆಯೊಳಗೆ ಗಂಧೆ ಮಾತ್ರ ಎದ್ದಿದ್ದರೆ ನಿರ್ಧಾರವನ್ನು ಅಲರ್ಜಿ ತಜ್ಞರಿಗೆ ಬಿಡಬೇಕು. ಕೆಲವರು ಚರ್ಮ ಪರೀಕ್ಷೆಯ ನಂತರ, ಕೆಲವರು ನೇರವಾಗಿಯೇ ಔಷಧ ಕೊಟ್ಟು ನೋಡುತ್ತಾರೆ. ಅನಾಫಿಲಾಕ್ಸಿಸ್ ಆಗಿದ್ದರೆ ಚರ್ಮ ಪರೀಕ್ಷೆ ಮೊದಲು, ಅದು ನೆಗೆಟಿವ್ ಆದರೆ ಮಾತ್ರ ಸಜ್ಜಾದ ಆಸ್ಪತ್ರೆಯಲ್ಲಿ ಮುಂದಿನ ಹೆಜ್ಜೆ. ಹತ್ತಿರದಲ್ಲಿ ಅಂಥ ಸೌಲಭ್ಯವಿಲ್ಲದಿದ್ದರೆ ಈ ಮಗುವಿಗಾಗಿ ದೂರ ಹೋಗುವುದು ಸಾರ್ಥಕ. ಸಾದಾ ದದ್ದಿನ ಮಗುವಿಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ, ಅಡ್ರಿನಲಿನ್ ಮತ್ತು ತರಬೇತಿ ಇರುವ ಮಕ್ಕಳ ವೈದ್ಯರ ಬಳಿಯೂ ಅದು ಆಗಬಹುದು.

ಚರ್ಮದಲ್ಲಿ ಬೊಬ್ಬೆ, ಬಾಯಿ-ಕಣ್ಣುಗಳಲ್ಲಿ ಹುಣ್ಣು ಏಳುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಚರ್ಮ ಸುಲಿಯುವ ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲೈಸಿಸ್, ಅಂಗಾಂಗಗಳಿಗೆ ಹಬ್ಬುವ ‘ಡ್ರೆಸ್’ (DRESS) ಎಂಬ ತೀವ್ರ ಔಷಧ ಪ್ರತಿಕ್ರಿಯೆ, ಔಷಧದಿಂದ ಆದ ರಕ್ತಹೀನತೆ, ಯಕೃತ್ತು ಅಥವಾ ಮೂತ್ರಪಿಂಡದ ಉರಿಯೂತ ಹಿಂದೆ ಆಗಿದ್ದರೆ ಆ ಔಷಧವನ್ನು ಮತ್ತೆ ಕೊಟ್ಟು ನೋಡುವ ಮಾತೇ ಇಲ್ಲ. ಇಲ್ಲಿ ದೂರವಿಡುವುದೇ ಸರಿಯಾದ ಆಯ್ಕೆ, ಆ ಹಣೆಪಟ್ಟಿ ಉಳಿಯಲೇಬೇಕು. ಔಷಧ ಆರಂಭಿಸಿ ಒಂದರಿಂದ ಮೂರು ವಾರಗಳಲ್ಲಿ ಜ್ವರ, ದದ್ದು, ಕೀಲುಗಳ ಊತ ಒಟ್ಟಿಗೆ ಬಂದಿದ್ದ ಮಕ್ಕಳ ವಿಷಯವೂ ತಜ್ಞರಿಗೇ ಸೇರಿದ್ದು.

ಅಲರ್ಜಿಯ ಶಂಕೆ ಅಜಿತ್ರೊಮೈಸಿನ್‌ನಂಥ ಔಷಧಗಳ ಮೇಲೋ ಸಲ್ಫಾ ಔಷಧಗಳ ಮೇಲೋ ಇದ್ದರೆ ನೆಚ್ಚಬಹುದಾದ ಚರ್ಮ ಪರೀಕ್ಷೆಯಾಗಲಿ ರಕ್ತ ಪರೀಕ್ಷೆಯಾಗಲಿ ಇಲ್ಲ. ಹಿಂದಿನ ವಿವರ ಮತ್ತು ಔಷಧ ಕೊಟ್ಟು ನೋಡುವುದು ಎರಡೇ ಆಧಾರ. ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ನ ಡ್ರಿಪ್ ವೇಗವಾಗಿ ಹರಿದಾಗ ಮುಖ, ಕತ್ತು ಕೆಂಪಾಗಿ ತುರಿಸುವುದು ಬಹುತೇಕ ಅಲರ್ಜಿಯಲ್ಲ, ನಿಧಾನವಾಗಿ ಕೊಟ್ಟರೆ ಅದೇ ಔಷಧ ಸಾಮಾನ್ಯವಾಗಿ ಒಗ್ಗುತ್ತದೆ.

ಪರೀಕ್ಷೆ ನೆಗೆಟಿವ್ ಬಂದರೆ ಅದನ್ನು ಬರಹದಲ್ಲಿ ಪಡೆದು, ಮಗುವಿನ ಎಲ್ಲ ದಾಖಲೆಗಳಿಂದ ‘ಅಲರ್ಜಿ’ ಎಂಬ ಪದ ತೆಗೆಸಬೇಕು. ಇಲ್ಲವಾದರೆ ಮುಂದಿನ ಆಸ್ಪತ್ರೆಯಲ್ಲಿ ಹಳೆಯ ಚೀಟಿಯೇ ಮತ್ತೆ ಮಾತನಾಡುತ್ತದೆ. ಪಾಸಿಟಿವ್ ಬಂದರೆ, ಯಾವ ಔಷಧಗಳನ್ನು ಬಿಡಬೇಕು ಎಂಬುದರಷ್ಟೇ ಮುಖ್ಯವಾಗಿ ಯಾವುದನ್ನು ಕೊಡಬಹುದು ಎಂಬುದನ್ನೂ ಬರೆಸಿಕೊಳ್ಳಬೇಕು. ಅಮಾಕ್ಸಿಸಿಲಿನ್‌ಗೆ ತಕ್ಷಣದ ಅಲರ್ಜಿ ಇರುವ ಮಗುವಿಗೆ ರಚನೆಯಲ್ಲಿ ಅದನ್ನು ಹೋಲುವ ಸೆಫಾಲೆಕ್ಸಿನ್, ಸೆಫಾಡ್ರಾಕ್ಸಿಲ್, ಸೆಫಾಕ್ಲೋರ್‌ಗಳಲ್ಲಿ ಎಚ್ಚರ ಬೇಕು, ಆದರೆ ಪಾರ್ಶ್ವ ಸರಪಳಿ (ಔಷಧದ ಅಣುವಿಗೆ ಅಂಟಿಕೊಂಡಿರುವ ಪಕ್ಕದ ಭಾಗ) ಬೇರೆಯಾಗಿರುವ ಸೆಫಜೋಲಿನ್, ಸೆಫ್ಟ್ರಿಯಾಕ್ಸೋನ್‌ನಂಥವು ಸಾಮಾನ್ಯವಾಗಿ ಒಗ್ಗುತ್ತವೆ. ಈ ವಿವರವಿಲ್ಲದೆ ‘ಪೆನಿಸಿಲಿನ್ ಅಲರ್ಜಿ’ ಎಂದಷ್ಟೇ ಬರೆದರೆ ಮುಂದೆ ನೋಡುವ ವೈದ್ಯರು ಒಂದಿಡೀ ಔಷಧ ಕುಟುಂಬವನ್ನೇ ಮಗುವಿನಿಂದ ದೂರವಿಡುತ್ತಾರೆ.